ಹಳಿ ಕಿತ್ತ ದಾರಿಯಲ್ಲಿ ಆರು ದಿನ

ನಾನು ಸೈಕಲ್ ಕಲಿತದ್ದು ತರೀಕೆರೆಯಲ್ಲಿ, ಅಣ್ಣನ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿಯುತ್ತ. ಮದುವೆಯಾಗಿ ಬೆಂಗಳೂರಿಗೆ ಬಂದ ಹೊಸತರಲ್ಲಿ ಬಸ್ಸೊಂದರ ಹಾರ್ನಿಗೆ ಬೆದರಿ, ಚರಂಡಿಯ ಕಲ್ಲಿನ ಮೇಲೆ ಬಿದ್ದು ಮೊಣಕಾಲು ಒಡೆದುಕೊಂಡವಳು ಆಮೇಲೆ ಸೈಕಲ್ ಮುಟ್ಟಿರಲಿಲ್ಲ. ಹಾಗಾಗಿ ಲಿಯೋನ್ ನಗರದಲ್ಲಿ ಕೆಲಸದಲ್ಲಿರುವ ಮಗಳು ಫೋನಿನಲ್ಲಿ, "ಅಮ್ಮ, ಈ ಸಲ ಪ್ಯಾರಿಸ್ ಬೇಡ, ಬರ್ಗಂಡಿಯ ಹಳ್ಳಿಗಳಲ್ಲಿ ಆರು ದಿನ ಸೈಕಲ್ ಹೊಡೆಯೋಣ" ಎಂದಾಗ ನಕ್ಕು ಸುಮ್ಮನಾದೆ. ಐವತ್ತಾರು ವರ್ಷದ ನನ್ನನ್ನು ಒಪ್ಪಿಸಿದ್ದು ಅವಳು ಆಮೇಲೆ ಆಡಿದ ಮಾತು: "ಅದು ರೈಲಿನ ದಾರಿ ಅಮ್ಮ. ರೈಲು ಕಡಿದಾದ ದಿಣ್ಣೆ ಹತ್ತಲ್ಲ, ನೀನೂ ಹತ್ತಬೇಕಾಗಿಲ್ಲ."

ಫ್ರೆಂಚರು ಇಂಥ ದಾರಿಯನ್ನು 'ವ್ವಾ ವೆರ್ತ್', ಅಂದರೆ ಹಸಿರು ದಾರಿ ಎನ್ನುತ್ತಾರೆ. ಮೋಟಾರು ವಾಹನಗಳಿಗೆ ಅಲ್ಲಿ ಪ್ರವೇಶವಿಲ್ಲ. ನಡೆಯುವವರು, ಸೈಕಲ್ಲಿನವರು, ಗಾಲಿಕುರ್ಚಿಯವರು, ಕಾಲಿಗೆ ಚಕ್ರ ಕಟ್ಟಿಕೊಂಡು ಜಾರುವ ಹುಡುಗರು, ಇವರಿಗಷ್ಟೇ ಅದು ಮೀಸಲು. 2004ರಿಂದ ಅಲ್ಲಿನ ಸಂಚಾರ ಕಾನೂನಿನಲ್ಲಿಯೇ ಈ ಬಗೆಯ ದಾರಿಗೆ ಪ್ರತ್ಯೇಕ ವ್ಯಾಖ್ಯೆಯಿದೆ. ದೇಶದ ಮೊದಲ ಹಸಿರು ದಾರಿ ತೆರೆದದ್ದು 1997ರಲ್ಲಿ, ಬರ್ಗಂಡಿಯ ದಕ್ಷಿಣ ಭಾಗದಲ್ಲಿ, ಜಿವ್ರಿ ಎಂಬ ಊರಿನಿಂದ ಕ್ಲೂನಿಯವರೆಗೆ 44 ಕಿಲೋಮೀಟರ್ ಉದ್ದಕ್ಕೆ. ಪ್ರಯಾಣಿಕರಿಲ್ಲದೆ ಸತ್ತ ರೈಲು ಮಾರ್ಗದ ಹಳಿಗಳನ್ನು ಕಿತ್ತು, ಅದೇ ಏರಿಯ ಮೇಲೆ ನುಣುಪಾದ ಡಾಂಬರು ಹಾಕಿದ್ದಾರೆ. ಈಗ ಅದರ ದಕ್ಷಿಣದ ತುದಿ ಮಾಕೊನ್ ನಗರದ ಹೊರವಲಯವನ್ನೂ ಉತ್ತರದ ತುದಿ ಶಾಲೋನ್ ನಗರವನ್ನೂ ಮುಟ್ಟಿದೆ. ಅಲ್ಲಿಂದ ಮುಂದೆ ಕಾಲುವೆಯ ದಂಡೆ, ಆಮೇಲೆ ದ್ರಾಕ್ಷಿತೋಟಗಳ ನಡುವಿನ ದಾರಿ ಹಿಡಿದು ಬೋನ್ ಪಟ್ಟಣ ತಲುಪುವುದೆಂದು ಮಗಳು ನಕ್ಷೆ ಹಾಕಿದಳು. ಒಟ್ಟು ಸುಮಾರು 130 ಕಿಲೋಮೀಟರ್. ಪಳಗಿದವರು ಒಂದೂವರೆ ದಿನದಲ್ಲಿ ಮುಗಿಸುವ ದೂರ ಇದು. ನಾವು ಆರು ದಿನ ಇಟ್ಟುಕೊಂಡೆವು.

ಶುಕ್ರವಾರ: ಮಾಕೊನ್‌ನಿಂದ ಕ್ಲೂನಿ

ಸೆಪ್ಟೆಂಬರಿನ ಎರಡನೆಯ ವಾರ. ಲಿಯೋನ್‌ನಿಂದ ಪ್ಯಾಸೆಂಜರ್ ರೈಲಿನಲ್ಲಿ ಮಾಕೊನ್‌ಗೆ ಬಂದು ಮೂರು ಬಾಡಿಗೆ ಸೈಕಲ್ ಪಡೆದೆವು. ನಮ್ಮವರು ಯಾವ ಸಂಕೋಚವೂ ಇಲ್ಲದೆ ಬ್ಯಾಟರಿ ಸೈಕಲ್ ಆರಿಸಿಕೊಂಡರು. ನನಗೆ ಕೊಟ್ಟದ್ದು ಬಾರು ಬಾಗಿದ, ಅಗಲ ಸೀಟಿನ, ಏಳು ಗೇರಿನ ಹೆಂಗಸರ ಸೈಕಲ್. ಹಿಂದಿನ ಕ್ಯಾರಿಯರಿಗೆ ಎರಡೂ ಬದಿ ನೇತುಬಿದ್ದ ಚೀಲಗಳು. ಅಂಗಡಿಯ ಮುಂದಿನ ಓಣಿಯಲ್ಲಿ ನಾಲ್ಕು ಸುತ್ತು ಹಾಕಿದೆ. ದೇಹಕ್ಕೆ ಸಮತೋಲ ಮರೆತಿರಲಿಲ್ಲ, ಆದರೆ ಭಯವನ್ನೂ ಅದು ಮರೆತಿರಲಿಲ್ಲ. ಹಸಿರು ದಾರಿಯ ಬಾಯಿಗೆ ಸೇರುವ ಮುನ್ನ ಊರಿನೊಳಗೆ ಹಾಯಬೇಕಾದ ಕೆಲವು ಕಿಲೋಮೀಟರ್‌ಗಳಲ್ಲಿ, ಹಿಂದೆ ಕಾರಿನ ಸದ್ದು ಕೇಳಿದಾಗಲೆಲ್ಲ ನನ್ನ ಕತ್ತು ತಾನಾಗಿ ತಿರುಗುತ್ತಿತ್ತು. ಕತ್ತು ತಿರುಗಿದ ಕಡೆಗೆ ಹ್ಯಾಂಡಲ್ಲೂ ವಾಲುತ್ತಿತ್ತು. "ಅಮ್ಮ, ಮುಂದೆ ನೋಡು" ಎಂದು ಮಗಳು ಹಿಂದಿನಿಂದ ಕೂಗುತ್ತಲೇ ಇದ್ದಳು.

ಊರು ಮುಗಿದು, ಅಡ್ಡ ನಿಲ್ಲಿಸಿದ ಗೂಟಗಳ ನಡುವೆ ನುಸುಳಿ ಆ ದಾರಿಗೆ ಇಳಿದದ್ದೇ ತಡ, ಎಲ್ಲ ಸದ್ದೂ ನಿಂತಿತು. ಮೂರು ಜನ ಅಕ್ಕಪಕ್ಕ ಹೋಗಬಹುದಾದಷ್ಟು ಅಗಲ, ಎರಡೂ ಬದಿಯಲ್ಲಿ ಬೇಲಿಗಿಡ, ಅದರಾಚೆ ದ್ರಾಕ್ಷಿಯ ಸಾಲುಗಳು. ಪ್ರಿಸ್ಸೆ, ಲಾ ರೋಶ್-ವಿನೂಸ್ ಎಂಬ ಹಳ್ಳಿಗಳನ್ನು ದಾಟುವಾಗ ಎಡಗಡೆ ದೂರದಲ್ಲಿ, ಹಡಗಿನ ಮೂತಿಯಂತೆ ಮುಂದಕ್ಕೆ ಚಾಚಿದ ಸೊಲ್ಯುತ್ರೆ ಬಂಡೆ ಕಾಣುತ್ತಿತ್ತು. ಅದರ ಬುಡದಲ್ಲಿ ಶಿಲಾಯುಗದ ಬೇಟೆಗಾರರು ಕೊಂದ ಕುದುರೆಗಳ ಮೂಳೆಗಳ ದೊಡ್ಡ ರಾಶಿಯೇ ಸಿಕ್ಕಿದೆ. ಸ್ವಲ್ಪ ಮುಂದೆ ಗುಡ್ಡದ ಮೇಲೆ ಬೆರ್ಜೆ-ಲ-ಶಾತೆಲ್‌ನ ಮೂರು ಸುತ್ತಿನ ಕೋಟೆ. ಅದನ್ನು ನೋಡುತ್ತ ನಿಂತಿದ್ದಾಗ ಕಣಿವೆಯಲ್ಲಿ ಒಂದು ಸೀಳು ಸದ್ದೆದ್ದು, ಪ್ಯಾರಿಸ್-ಲಿಯೋನ್ ಟಿಜಿವಿ ರೈಲು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಯಿತು. 1981ರಲ್ಲಿ ಶುರುವಾದ ಆ ವೇಗದ ಮಾರ್ಗ ಇದೇ ಕಣಿವೆಯಲ್ಲಿದೆ. ಒಂದು ರೈಲು ಸತ್ತು ಬಿಟ್ಟ ಏರಿಯ ಮೇಲೆ ನಿಂತು ಇನ್ನೊಂದು ರೈಲು ಹಾರಿಹೋಗುವುದನ್ನು ನೋಡಿದಂತಾಯಿತು.

ಕ್ಲೂನಿಗೆ ಮುನ್ನ ಬ್ವಾ ಕ್ಲೇರ್ ಸುರಂಗ ಬರುತ್ತದೆ. 1.6 ಕಿಲೋಮೀಟರ್ ಉದ್ದ. ಹಳೆಯ ಕಲ್ಲಿನ ಕಮಾನಿನ ಒಳಗೆ ಕಾಲಿಟ್ಟೊಡನೆ ಚಳಿ ತೋಳಿಗೆ ಕಚ್ಚಿತು. ಹೊರಗಿನ ಬಿಸಿಲಿಗೆ ಬೆವೆತಿದ್ದ ಬೆನ್ನು ತಣ್ಣಗಾಯಿತು. ಛಾವಣಿಯಿಂದ ಅಲ್ಲಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ಚಳಿಗಾಲದಲ್ಲಿ ಇಲ್ಲಿ ಬಾವಲಿಗಳು ನಿದ್ದೆಗೆ ನೆಲೆಸುವುದರಿಂದ ಆಗ ಸುರಂಗವನ್ನು ಮುಚ್ಚುತ್ತಾರೆ, ಸೈಕಲ್ಲಿನವರು ಮೇಲಿನ ಗುಡ್ಡವನ್ನು ಹತ್ತಿ ಇಳಿಯಬೇಕು. ಬಾವಲಿಯ ನಿದ್ದೆಗಾಗಿ ದಾರಿ ಮುಚ್ಚುವ ಊರು ನೋಡಿ ನಮ್ಮವರಿಗೆ ಬಹಳ ಆಶ್ಚರ್ಯ. ಸುರಂಗದಾಚೆ ಕ್ಲೂನಿಯವರೆಗೂ ಹೆಚ್ಚೂಕಡಿಮೆ ಇಳಿಜಾರು. ಪೆಡಲು ತುಳಿಯದೆ ಗಾಳಿಗೆ ಮುಖವೊಡ್ಡಿ ಕೂತೆ.

ಶನಿವಾರ: ಕ್ಲೂನಿಯಿಂದ ಕೊರ್ಮಾತ್ಯಾಂ

ಶನಿವಾರ ಬೆಳಗ್ಗೆ ಕ್ಲೂನಿಯಲ್ಲಿ ಸಂತೆ. ಮೇಕೆ ಹಾಲಿನ ಚೀಸನ್ನು ಬೆರಳುದ್ದದ ಶಂಕುಗಳಂತೆ ಮಾಡಿ ಹುಲ್ಲಿನ ಚಾಪೆಯ ಮೇಲೆ ಜೋಡಿಸಿಟ್ಟಿದ್ದರು; ಹೊಸದು ಬಿಳಿ, ಹಳೆಯದು ನೀಲಿ ಬೂಷ್ಟು ಹಿಡಿದು ಗಟ್ಟಿ. ಸಸ್ಯಾಹಾರಿಗಳಿಗೆ ಬರ್ಗಂಡಿಯಲ್ಲಿ ಊಟ ಸಿಗುವುದು ಸುಲಭವಲ್ಲ, ಹೋಟೆಲುಗಳ ಪಟ್ಟಿಯಲ್ಲಿ ದನ, ಹಂದಿ, ಬಸವನಹುಳು ತಪ್ಪಿದರೆ ಉಳಿಯುವುದು ಸಲಾಡು. ಆದರೆ ಸಂತೆಯಿದ್ದ ದಿನ ಉಪವಾಸ ಬೀಳುವ ಪ್ರಮೇಯವಿಲ್ಲ. ಚೀಸ್ ಬೆರೆಸಿ ಬೇಯಿಸಿದ ಗೂಜೇರ್ ಎಂಬ ಪೊಳ್ಳು ಬನ್ನು, ಟೊಮೆಟೊ, ಅಂಜೂರ, ಎರಡು ಬಗೆತ್ ಬ್ರೆಡ್ಡು ಕಟ್ಟಿಸಿಕೊಂಡೆವು. ಜೊತೆಗೆ ನನ್ನ ಚೀಲದಲ್ಲಿ ಮನೆಯಿಂದ ತಂದ ಮೆಂತ್ಯದ ಹಿಟ್ಟಿನ ಡಬ್ಬಿಯಿತ್ತು. ಬಗೆತ್ತಿಗೆ ಬೆಣ್ಣೆ ಸವರಿ ಮೇಲೆ ಮೆಂತ್ಯದ ಹಿಟ್ಟು ಉದುರಿಸಿದರೆ ಎಷ್ಟು ರುಚಿಯೆಂಬುದನ್ನು ಫ್ರೆಂಚರು ಇನ್ನೂ ಕಂಡುಕೊಂಡಿಲ್ಲ.

ಕ್ಲೂನಿಯ ಮಠವನ್ನು ನೋಡಲು ಹೋದವರು ನೋಡುವುದು ಹೆಚ್ಚಾಗಿ ಅದರ ಗೈರುಹಾಜರಿಯನ್ನು. 910ರಲ್ಲಿ ಅಕ್ವಿಟೇನಿನ ದೊರೆ ವಿಲಿಯಂ ಸ್ಥಾಪಿಸಿದ ಮಠ ಇದು. ಅದರ ಮೂರನೆಯ ಚರ್ಚಿನ ಕೆಲಸ ಶುರುವಾದದ್ದು 1088ರಲ್ಲಿ; 187 ಮೀಟರ್ ಉದ್ದದ ಆ ಕಟ್ಟಡ, ರೋಮಿನಲ್ಲಿ ಈಗಿನ ಸಂತ ಪೀಟರನ ಚರ್ಚು ಏಳುವವರೆಗೆ ಕ್ರೈಸ್ತ ಜಗತ್ತಿನಲ್ಲಿಯೇ ದೊಡ್ಡದಾಗಿತ್ತು. ಫ್ರೆಂಚ್ ಕ್ರಾಂತಿಯ ಮೇಲೆ ಅದನ್ನು ಮಾರಿದರು, ಕೊಂಡವರು ಕಲ್ಲುಗಣಿಯಂತೆ ಬಳಸಿ ಒಡೆದೊಡೆದು ಸಾಗಿಸಿದರು. ನೆಪೋಲಿಯನ್ ಕಾಲದಲ್ಲಿ ಪಕ್ಕದಲ್ಲಿ ಕಟ್ಟಿದ ಕುದುರೆ ಲಾಯಕ್ಕೂ ಅದೇ ಕಲ್ಲು ಹೋಯಿತು. ಉಳಿದಿರುವುದು ಹತ್ತರಲ್ಲಿ ಒಂದು ಪಾಲೂ ಇರಲಾರದು: ದಕ್ಷಿಣದ ಕೈಯಂಥ ಒಂದು ಭಾಗ, ಎಂಟು ಮೂಲೆಯ ಗಂಟೆಗೋಪುರ. ಕಂಬಗಳಿದ್ದ ಜಾಗದಲ್ಲಿ ಬುಡ ಮಾತ್ರ. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದಾಗ ಮಾತ್ರ ಅದರ ಅಳತೆ ಕಾಲಿಗೆ ತಿಳಿಯುತ್ತದೆ. ಹಂಪಿಯ ಬಜಾರಿನಲ್ಲಿ ನಡೆಯುವಾಗ ಹೀಗೆಯೇ ಆಗಿದ್ದು ನೆನಪಾಯಿತು.

ಮಧ್ಯಾಹ್ನ ಹೊರಟು ಗ್ರೋನ್ ನದಿಯ ಬಯಲಿನಲ್ಲಿ ಸಾಗಿದೆವು. ಹುಲ್ಲುಗಾವಲಿನಲ್ಲಿ ಬೆಣ್ಣೆ ಬಣ್ಣದ ಶಾರೊಲೆ ದನಗಳು ಮಲಗಿದ್ದವು. ಹಸಿರು ದಾರಿಯಿಂದ ಸ್ವಲ್ಪ ಮೇಲೆ ತೇಜೆ ಎಂಬ ಪುಟ್ಟ ಹಳ್ಳಿ. 1940ರಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ ಬ್ರದರ್ ರೋಜೆ ಇಲ್ಲಿ ಕಟ್ಟಿದ ಸಮುದಾಯಕ್ಕೆ ಇಂದಿಗೂ ನಾನಾ ದೇಶಗಳ ಯುವಜನ ಗುಂಪು ಗುಂಪಾಗಿ ಬರುತ್ತಾರೆ. ಅವರ ಪ್ರಾರ್ಥನಾಲಯದಲ್ಲಿ ಬೆಂಚುಗಳ ಸಾಲಿಲ್ಲ, ಎಲ್ಲರೂ ನೆಲದ ಮೇಲೆ ಕೂರುತ್ತಾರೆ. ನಾವೂ ಚಕ್ಕಳಮಕ್ಕಳ ಹಾಕಿ ಸ್ವಲ್ಪ ಹೊತ್ತು ಕೂತೆವು. ನನ್ನ ತೊಡೆಗಳಿಗೆ ಅದೇ ದೊಡ್ಡ ಪ್ರಾರ್ಥನೆಯಾಗಿತ್ತು. ಕೊರ್ಮಾತ್ಯಾಂ ತಲುಪಿದಾಗ ಅಲ್ಲಿನ 17ನೆಯ ಶತಮಾನದ ಅರಮನೆಯ ಬಾಗಿಲು ಮುಚ್ಚುವ ಹೊತ್ತು. ಹೊರಗಿನಿಂದ ನೋಡಿ ತೃಪ್ತರಾದೆವು.

ಭಾನುವಾರ: ಕೊರ್ಮಾತ್ಯಾಂನಿಂದ ಜಿವ್ರಿ

ಸುಮಾರು 30 ಕಿಲೋಮೀಟರ್, ನಮ್ಮ ಪಾಲಿಗೆ ಅತಿ ದೊಡ್ಡ ದಿನ. ಹಸಿರು ದಾರಿಯ ಸ್ವಭಾವ ಗೊತ್ತಾದದ್ದೂ ಈ ದಿನವೇ. ಅದು ನೇರವಾಗಿ ಹೋಗುತ್ತದೆ, ತಿರುಗಿದರೂ ತಿರುವು ತಿಳಿಯದಷ್ಟು ನಿಧಾನವಾಗಿ. ನೆಲ ತಗ್ಗಿದ್ದ ಕಡೆ ಮಣ್ಣು ಪೇರಿಸಿ ಏರಿ ಕಟ್ಟಿದ್ದಾರೆ, ಉಬ್ಬಿದ್ದ ಕಡೆ ಕೊರೆದು ದಾರಿ ತಗ್ಗಿಸಿದ್ದಾರೆ. ಉಗಿಬಂಡಿಗಾಗಿ ಯಾರೋ ಪಟ್ಟ ಆ ಪಾಡಿನ ಲಾಭವೆಲ್ಲ ನೂರಕ್ಕೂ ಹೆಚ್ಚು ವರ್ಷದ ಮೇಲೆ ನನ್ನ ಮೊಣಕಾಲಿಗೆ ಸಿಕ್ಕಿತು. ಹಳ್ಳಿಯ ರಸ್ತೆ ಅಡ್ಡ ಬರುವಲ್ಲೆಲ್ಲ ಒಂದು ಚಿಕ್ಕ ಎರಡಂತಸ್ತಿನ ಮನೆಯಿರುತ್ತಿತ್ತು, ಹಿಂದೆ ಗೇಟು ಹಾಕುವವನ ಕುಟುಂಬ ವಾಸವಾಗಿದ್ದದ್ದು. ಈಗ ಕಿಟಕಿಗೆ ಹೂವಿನ ಕುಂಡ, ಅಂಗಳದಲ್ಲಿ ಮಕ್ಕಳ ಜೋಕಾಲಿ. ಹಿಂದೆ ರೈಲು ಬಂದರೆ ಬಂಡಿಗಳು ನಿಲ್ಲುತ್ತಿದ್ದವು. ಈಗ ಆ ಅಡ್ಡರಸ್ತೆಯಲ್ಲಿ ನಿಲ್ಲಬೇಕಾದವರು ನಾವೇ, ಆದರೂ ಬಹುತೇಕ ಕಾರುಗಳು ನಮಗಾಗಿ ನಿಂತು ಕೈ ಬೀಸಿದವು.

ನಮ್ಮ ತರೀಕೆರೆಯಿಂದ ನರಸಿಂಹರಾಜಪುರಕ್ಕೂ ಕಾಡಿನ ನಡುವೆ ಒಂದು ಕಾಲದಲ್ಲಿ ಪುಟ್ಟ ಟ್ರಾಮು ಓಡುತ್ತಿತ್ತು. ಅಜ್ಜ ಅದರಲ್ಲಿ ಹೋದ ಕಥೆಯನ್ನು ಹೇಳುವಾಗ ಅದರ ನಿಧಾನವನ್ನೇ ಕೊಂಡಾಡುತ್ತಿದ್ದರು. ಆ ಹಳಿಯ ಜಾಡಿನಲ್ಲೂ ಹೀಗೆ ಒಂದು ದಾರಿ ಇದ್ದಿದ್ದರೆ ಎಂದು ಅಂದು ಬಹಳ ಹೊತ್ತು ಯೋಚಿಸುತ್ತ ತುಳಿದೆ.

ಸೇಂ-ಜಾಂಗೂ ಎಂಬ ಊರು ಸಿಕ್ಕಿತು. ಅದರ ಬಾಲಕ್ಕೆ ಹಿಂದೆ 'ರಾಜರ' ಎಂಬರ್ಥದ ಪದವಿತ್ತಂತೆ, ರಾಜರು ಹೋದ ಮೇಲೆ ಅದು 'ನಾಸಿಯೋನಾಲ್' ಆಯಿತು. ನಾಮಕರಣದ ರಾಜಕೀಯ ಎಲ್ಲ ಕಡೆಯೂ ಒಂದೇ. ಊರಿನ ಬೇಕರಿಯಲ್ಲಿ ಹನ್ನೆರಡಕ್ಕೆ ಮುನ್ನ ಬ್ರೆಡ್ಡು ಕೊಂಡದ್ದು ನಮ್ಮ ಪುಣ್ಯ, ಏಕೆಂದರೆ ಭಾನುವಾರ ಮಧ್ಯಾಹ್ನದ ಮೇಲೆ ಫ್ರಾನ್ಸಿನ ಹಳ್ಳಿಗಳಲ್ಲಿ ಒಂದು ಬಿಸ್ಕತ್ತೂ ಹುಟ್ಟುವುದಿಲ್ಲ.

ಅಲ್ಲಿಂದ ಐದಾರು ಕಿಲೋಮೀಟರ್ ದಾಟಿರಬೇಕು, ನನ್ನ ಹಿಂದಿನ ಚಕ್ರ ಪುಸ್ಸೆಂದು ಕೂತಿತು. ಬೇಲಿ ಕತ್ತರಿಸಿದಾಗ ಉದುರಿದ ಮುಳ್ಳು. ಮಗಳ ಬಳಿ ಪ್ಯಾಚು, ಪಂಪು, ಟೈರು ಎಬ್ಬಿಸುವ ಪ್ಲಾಸ್ಟಿಕ್ ಪಟ್ಟಿ ಎಲ್ಲ ಇದ್ದವು, ಆದರೆ ತೂತು ಎಲ್ಲಿದೆಯೆಂದು ಯಾರಿಗೂ ಕಾಣಲಿಲ್ಲ. ಸೈಕಲ್ಲನ್ನು ತಳ್ಳಿಕೊಂಡು ಪಕ್ಕದ ಹಳ್ಳಿಗೆ ಹೋದೆವು. ಅಲ್ಲಿ ಒಂದು 'ಲಾವ್ವಾರ್' ಇತ್ತು. ಹೆಂಚಿನ ಮಾಡಿನ ಕೆಳಗೆ ಕಲ್ಲಿನ ದೊಡ್ಡ ತೊಟ್ಟಿ, ಒಂದು ಕಡೆಯಿಂದ ಊಟೆಯ ನೀರು ಬಂದು ಇನ್ನೊಂದು ಕಡೆ ಹರಿದುಹೋಗುತ್ತದೆ. ವಾಷಿಂಗ್ ಮೆಷಿನ್ ಬರುವ ಮುನ್ನ ಊರಿನ ಹೆಂಗಸರೆಲ್ಲ ಇಲ್ಲಿ ಮಂಡಿಯೂರಿ ಬಟ್ಟೆ ಒಗೆಯುತ್ತಿದ್ದರು, ಅದಕ್ಕೆಂದೇ ತೊಟ್ಟಿಯ ಅಂಚಿನ ಚಪ್ಪಡಿ ಒಳಗಿಳಿಜಾರಾಗಿದೆ. ನಮ್ಮ ಪರದಾಟ ಕಂಡ ಮುದುಕರೊಬ್ಬರು ಎದುರು ಮನೆಯಿಂದ ಹೊರಬಂದು, ಮಾತಿಲ್ಲದೆ ಟ್ಯೂಬನ್ನು ಕೈಗೆ ತೆಗೆದುಕೊಂಡು ತುಸು ಗಾಳಿ ತುಂಬಿ ತೊಟ್ಟಿಯಲ್ಲಿ ಮುಳುಗಿಸಿ ಗೇಣು ಗೇಣಾಗಿ ಸರಿಸುತ್ತ ಹೋದರು. ವಾಲ್ವಿನಿಂದ ಮೂರು ಗೇಣು ಆಚೆಗೆ, ಸಾಸಿವೆ ಕಾಳಿಗಿಂತ ಸಣ್ಣ ಗುಳ್ಳೆಗಳ ಸರ ಎದ್ದಿತು. "ವ್ವಾಲಾ" ಎಂದರು ಅವರು. ತರೀಕೆರೆಯ ಸೈಕಲ್ ಶಾಪಿನ ಅರ್ಧ ಡ್ರಮ್ಮಿನ ನೀರಿನಲ್ಲಿ ಗುಳ್ಳೆ ಎದ್ದಾಗ ಅಲ್ಲಿನ ಹುಡುಗ ಅದೇ ಧಾಟಿಯಲ್ಲಿ "ಸಿಕ್ತು" ಎನ್ನುತ್ತಿದ್ದ. ಉಜ್ಜಿ, ಸಲ್ಯೂಷನ್ ಸವರಿ, ಊದಿ ಒಣಗಿಸಿ, ಪ್ಯಾಚ್ ಒತ್ತಿ ಹೆಬ್ಬೆರಳಿನಿಂದ ಅದುಮಿ ಹಿಡಿದರು. ಟೈರಿನ ಒಳಮೈಯಲ್ಲಿ ಬೆರಳಾಡಿಸಿ ಮುಳ್ಳನ್ನು ಹುಡುಕಿ ತೆಗೆದು ನನ್ನ ಅಂಗೈಯಲ್ಲಿಟ್ಟರು. ನಾವು ಕೊಟ್ಟ ಅಂಜೂರವನ್ನು ತಮ್ಮ ಮರದಲ್ಲೇ ಬೇಕಾದಷ್ಟಿದೆಯೆಂದು ತೋರಿಸಿ ನಕ್ಕರು.

ಆಮೇಲಿನ ಊರಿನ ಹೆಸರನ್ನು ಬರೆಯುವುದು ಎಕ್ಸ್ ಅಕ್ಷರ ಹಾಕಿ, ಆದರೆ ಊರವರು ಹೇಳುವುದು ಬ್ಯೂಸಿ ಎಂದೇ. ಇಲ್ಲಿಂದ ಮತ್ತೆ ದ್ರಾಕ್ಷಿತೋಟ. ಜಿವ್ರಿ ಮುಟ್ಟಿದಾಗ ಸಂಜೆ ಆರೂವರೆ. ಬೇಲಿಯಲ್ಲಿ ಸಿಕ್ಕ ಕಾಡು ಬೆರಿ ತಿಂದು ಮೂವರ ಬೆರಳೂ ನೇರಳೆ ಬಣ್ಣವಾಗಿದ್ದವು. ಹಾಸಿಗೆಯಲ್ಲಿ ಕಾಲು ಚಾಚಿದಾಗ ನನಗೆ ಹೊಳೆಯಿತು: ಇಡೀ ದಿನ ಒಮ್ಮೆಯೂ ನಾನು ಹಿಂದೆ ತಿರುಗಿ ನೋಡಿರಲಿಲ್ಲ.

ಸೋಮವಾರ: ಶಾಲೋನ್-ಸುರ್-ಸೋನ್

ಹತ್ತೇ ಕಿಲೋಮೀಟರ್. ಸೋನ್ ನದಿಯ ದಂಡೆಯ ಈ ನಗರ ನಿಸೆಫೋರ್ ನಿಯೆಪ್ಸ್‌ನ ಹುಟ್ಟೂರು, ಅವನು ಹುಟ್ಟಿದ್ದು 1765ರಲ್ಲಿ. ಇಲ್ಲಿಗೆ ಹತ್ತಿರದ ಸೇಂ-ಲು-ದ-ವಾರೆನ್ ಎಂಬ ಹಳ್ಳಿಯ ತನ್ನ ಮನೆಯ ಕಿಟಕಿಯಿಂದ ಕಂಡ ನೋಟವನ್ನು, 1826-27ರ ಸುಮಾರಿಗೆ, ಡಾಂಬರಿನಂಥ ಪದಾರ್ಥ ಸವರಿದ ಲೋಹದ ತಗಡಿನ ಮೇಲೆ ಅವನು ಹಿಡಿದಿಟ್ಟ. ಉಳಿದು ಬಂದಿರುವ ಅತಿ ಹಳೆಯ ಕ್ಯಾಮೆರಾ ಚಿತ್ರ ಅದೇ. ಆ ತಗಡು ಈಗ ಅಮೆರಿಕದ ಟೆಕ್ಸಾಸಿನಲ್ಲಿದೆ, ಆದರೆ ಅವನ ಕ್ಯಾಮೆರಾ ಪೆಟ್ಟಿಗೆಗಳು ನದಿದಂಡೆಯ ಅವನ ಹೆಸರಿನ ಮ್ಯೂಸಿಯಮ್ಮಿನಲ್ಲಿವೆ. ನನ್ನನ್ನು ನಿಲ್ಲಿಸಿದ್ದು ಮಾತ್ರ ಬೇರೊಂದು ವಸ್ತು. 1818ರಲ್ಲಿ, ಜರ್ಮನಿಯಿಂದ ಬಂದ ಎರಡು ಚಕ್ರದ ಓಡುಬಂಡಿಯ ಮೋಹಕ್ಕೆ ಬಿದ್ದು ನಿಯೆಪ್ಸ್ ತನಗಾಗಿ ಒಂದನ್ನು ಮಾಡಿಸಿಕೊಂಡ; ಮರದ ಚಕ್ರ, ಪೆಡಲಿಲ್ಲ, ಕಾಲಿನಿಂದ ನೆಲ ಒದ್ದು ಓಡಿಸಬೇಕು. ಅವನು ಸೇರಿಸಿದ ಸುಧಾರಣೆಯೆಂದರೆ ಏರಿಸಿ ಇಳಿಸಬಹುದಾದ ಸೀಟು. ಆ ಬೆಳಗ್ಗೆಯಷ್ಟೇ ನಮ್ಮವರು ನನ್ನ ಸೀಟನ್ನು ಎರಡು ಬೆರಳು ಎತ್ತರಿಸಿ ತಿರುಪು ಬಿಗಿದಿದ್ದರು, ಮೊಣಕಾಲಿನ ನೋವು ಅದರಿಂದಲೇ ಕಡಿಮೆಯಾಗಿತ್ತು.

ಮಂಗಳವಾರ: ಕಾಲುವೆಯ ದಂಡೆಯಲ್ಲಿ ಸಾಂತ್ನೆಯವರೆಗೆ

ಕನಾಲ್ ದ್ಯು ಸಾಂತ್ರ್ ಎಂಬುದು ಸೋನ್ ನದಿಯನ್ನೂ ಲ್ವಾರ್ ನದಿಯನ್ನೂ ಜೋಡಿಸುವ 112 ಕಿಲೋಮೀಟರಿನ ಕಾಲುವೆ. ಒಂದು ನದಿ ಮೆಡಿಟರೇನಿಯನ್ ಕಡೆಗೆ, ಇನ್ನೊಂದು ಅಟ್ಲಾಂಟಿಕ್ ಕಡೆಗೆ ಹರಿಯುವುದರಿಂದ ಇದು ಎರಡು ಕಡಲುಗಳ ನಡುವಿನ ಕೊಂಡಿ. ಎಮಿಲಾಂ ಗೊತೆ ಎಂಬ ಇಂಜಿನಿಯರ್ ಕ್ರಾಂತಿಯ ಮುನ್ನ ಶುರುಮಾಡಿದ್ದು 1790ರ ದಶಕದ ಆರಂಭದಲ್ಲಿ ಬಳಕೆಗೆ ಬಂತು. ದೋಣಿಗೆ ಹಗ್ಗ ಕಟ್ಟಿ ಕುದುರೆಗಳೂ ಮನುಷ್ಯರೂ ಎಳೆದು ನಡೆದ ದಂಡೆಯೇ ಈಗ ಸೈಕಲ್ ದಾರಿ. ಅಟ್ಲಾಂಟಿಕ್ಕಿನಿಂದ ಕಪ್ಪು ಸಮುದ್ರದವರೆಗೆ ಹೋಗುವ ಯೂರೋವೆಲೋ 6 ಎಂಬ ಮಾರ್ಗವೂ ಇಲ್ಲಿಂದಲೇ ಹಾಯುತ್ತದೆ. ನಮಗಿಂತ ಹಿರಿಯರಾದ ಜರ್ಮನ್ ದಂಪತಿಯೊಬ್ಬರು ಡೇರೆ, ಪಾತ್ರೆ ಸಮೇತ ಬುಡಾಪೆಸ್ಟಿಗೆ ಹೊರಟಿದ್ದರು. ನಾವು ಬೋನ್‌ಗೆ ಎಂದು ಹೇಳಲು ಸ್ವಲ್ಪ ನಾಚಿಕೆಯಾಯಿತು.

ಕಾಲುವೆ ಮೆಟ್ಟಿಲು ಹತ್ತುವುದನ್ನು ಇಲ್ಲಿ ನೋಡಬಹುದು. ಅಲ್ಲಲ್ಲಿ ಎರಡು ಜೊತೆ ಕದಗಳ ನಡುವೆ ಕಲ್ಲಿನ ತೊಟ್ಟಿಯಿದೆ, ಅದನ್ನು 'ಎಕ್ಲೂಸ್' ಎನ್ನುತ್ತಾರೆ. ಇಡೀ ಕಾಲುವೆಗೆ ಅಂಥವು 61. ಒಂದು ಬಿಳಿ ದೋಣಿ ಕೆಳಗಿನಿಂದ ತೊಟ್ಟಿಯೊಳಗೆ ಬಂದಾಗ ಅದರ ಮೇಲಿದ್ದ ಅಜ್ಜಿಯ ಟೋಪಿ ಮಾತ್ರ ನಮಗೆ ಕಾಣುತ್ತಿತ್ತು. ಹಿಂದಿನ ಕದ ಮುಚ್ಚಿತು, ಮುಂದಿನ ಕದದ ತೂಬು ತೆರೆಯಿತು, ನೀರು ಬುಡದಿಂದ ಕುದಿದಂತೆ ಉಕ್ಕತೊಡಗಿತು. ಹತ್ತು ಹನ್ನೆರಡು ನಿಮಿಷದಲ್ಲಿ ಟೋಪಿಯ ಕೆಳಗೆ ಮುಖ, ಮುಖದ ಕೆಳಗೆ ಕೈಯಲ್ಲಿನ ಕಾಫಿ ಲೋಟ, ಕೊನೆಗೆ ಇಡೀ ದೋಣಿಯೇ ನಮ್ಮ ಮಟ್ಟಕ್ಕೆ ಬಂತು. ಯಂತ್ರವೆಂದರೆ ಕದ ಮತ್ತು ತೂಬು ಅಷ್ಟೇ, ಎತ್ತುವುದು ನೀರೇ. ನಮ್ಮವರು ಮೂರು ಎಕ್ಲೂಸುಗಳಲ್ಲಿ ಹೀಗೆ ನಿಂತುಬಿಟ್ಟದ್ದರಿಂದ ಷಾನ್ಯಿ ಊರಿಗೆ ಬಂದಾಗ ಹೋಟೆಲುಗಳ ಅಡುಗೆಮನೆ ಮುಚ್ಚಿತ್ತು; ಮಧ್ಯಾಹ್ನ ಎರಡು ದಾಟಿದರೆ ಊಟ ಕೇಳುವುದೇ ತಪ್ಪು. ದಂಡೆಯ ಪೋಪ್ಲರ್ ಮರದ ಕೆಳಗೆ ಮೆಂತ್ಯದ ಹಿಟ್ಟಿನ ಡಬ್ಬಿಯ ತಳ ಕೆರೆದೆವು.

ಬುಧವಾರ: ಸಾಂತ್ನೆಯಿಂದ ಬೋನ್

ಕೊನೆಯ 22 ಕಿಲೋಮೀಟರಿಗೆ 'ದ್ರಾಕ್ಷಿತೋಟಗಳ ದಾರಿ' ಎಂದೇ ಹೆಸರು. ಇದು ರೈಲಿನ ಏರಿಯಲ್ಲ, ತೋಟಗಳವರು ಓಡಾಡುವ ಕಿರುದಾರಿ. ಆದ್ದರಿಂದ ಏರಿಳಿತವೂ ಇದೆ, ಪೂರ್ತಿ ವಾಹನಮುಕ್ತವೂ ಅಲ್ಲ. ಅದು ಕೊಯ್ಲಿನ ಕಾಲ ಬೇರೆ. ಸಾಲುಗಳ ನಡುವೆ ಬಾಗಿದ ಬೆನ್ನುಗಳು, ಕತ್ತರಿಗಳ ಚಿಕ್‌ಚಿಕ್ ಸದ್ದು, ಬುಟ್ಟಿ ಹೊತ್ತವರ ಕೂಗು. ದ್ರಾಕ್ಷಿಯ ಸಾಲನ್ನು ಎರಡು ಕಾಲಿನ ನಡುವೆ ಇಟ್ಟುಕೊಂಡಂತೆ ಮೇಲೆ ನಿಂತು ಸಾಗುವ ಎತ್ತರದ ಟ್ರ್ಯಾಕ್ಟರುಗಳು ಎದುರಾದಾಗ ಬದಿಗೆ ಸರಿದು ನಿಲ್ಲುತ್ತಿದ್ದೆವು. ಅವುಗಳ ಮುಂದೆ ಹೆದರಿಕೆಯಾಗಲಿಲ್ಲ, ಅವು ನಮ್ಮಷ್ಟೇ ನಿಧಾನ.

ಶಾಸ್ಸಾನ್ಯ್, ಪ್ಯುಲಿನಿ, ಮೆರ್ಸೋ, ವೊಲ್ನೆ, ಪೊಮ್ಮಾರ್. ಮದ್ಯದ ಅಂಗಡಿಗಳಲ್ಲಿ ಪಿಸುದನಿಯಲ್ಲಿ ಹೇಳುವ ಹೆಸರುಗಳೆಲ್ಲ ಇಲ್ಲಿ ನಾಯಿ ಬೊಗಳುವ, ಬಟ್ಟೆ ಒಣಹಾಕಿದ ಹಳ್ಳಿಗಳು. ಮೊಂತ್ರಾಶೆ ಎಂಬ ಜಗದ್ವಿಖ್ಯಾತ ತೋಟ ಒಟ್ಟು ಎಂಟು ಹೆಕ್ಟೇರ್ ಕೂಡ ಇಲ್ಲ. ಮೊಣಕಾಲೆತ್ತರದ ಕಲ್ಲುಗೋಡೆ ಅದರ ಎಲ್ಲೆ. ಗೋಡೆಯ ಆಚೆಯ ಹಣ್ಣಿಗೂ ಈಚೆಯ ಹಣ್ಣಿಗೂ ಬೆಲೆ ಬೇರೆ. ಇಂಥ ಒಂದೊಂದು ತುಂಡು ನೆಲವನ್ನೂ 'ಕ್ಲಿಮಾ' ಎಂದು ಕರೆದು ಹೆಸರಿಟ್ಟು ಶತಮಾನಗಳಿಂದ ಬೇರೆ ಬೇರೆಯಾಗಿ ನೋಡಿಕೊಂಡು ಬಂದ ಪದ್ಧತಿಗಾಗಿಯೇ 2015ರಲ್ಲಿ ಯುನೆಸ್ಕೊ ಈ ಸೀಮೆಯನ್ನು ವಿಶ್ವಪರಂಪರೆಗೆ ಸೇರಿಸಿತು. ಮದ್ಯ ಮುಟ್ಟದ ನಾವು ಗೋಡೆಯಾಚೆ ಬಿದ್ದಿದ್ದ ಒಂದು ಹಣ್ಣು ಬಾಯಿಗೆ ಹಾಕಿಕೊಂಡೆವು: ಚಿಕ್ಕದು, ಸಿಪ್ಪೆ ದಪ್ಪ, ಬೀಜ ದೊಡ್ಡದು, ಸಿಹಿ ಮಾತ್ರ ಗಂಟಲು ಹಿಡಿಯುವಷ್ಟು.

ಬೋನ್‌ನಲ್ಲಿ 1443ರಲ್ಲಿ ನಿಕೊಲಾ ರೊಲಾಂ ಕಟ್ಟಿಸಿದ ಬಡವರ ಆಸ್ಪತ್ರೆಯನ್ನು ಅವಸರದಲ್ಲಿ ನೋಡಿದೆವು. ಬಣ್ಣದ ಹೆಂಚುಗಳ ಮಾಡು, ಒಳಗೆ ಕೆಂಪು ಪರದೆಯ ಮಂಚಗಳ ಸಾಲು. ದಾನವಾಗಿ ಬಂದ ತೋಟಗಳ ವೈನನ್ನು ಹರಾಜು ಹಾಕುವ ರೂಢಿ 1859ರಿಂದ ನಡೆದಿದೆ.

ಸಂಜೆಯ ರೈಲಿಗೆ ಸೈಕಲ್ಲುಗಳನ್ನು ಹತ್ತಿಸಿದೆವು. ಷಾನ್ಯಿ, ಶಾಲೋನ್ ಒಂದರ ಹಿಂದೊಂದು ಬಂದು ಹೋದವು. ಆರು ದಿನದ ದಾರಿ ಸುಮಾರು ಒಂದು ಗಂಟೆಯಲ್ಲಿ ಕಿಟಕಿಯಲ್ಲಿ ಹಿಂದಕ್ಕೆ ಸುತ್ತಿಕೊಂಡಿತು. ಮಾಕೊನ್‌ನಲ್ಲಿ ಇಳಿದು, ಅಂಗಡಿ ಮುಚ್ಚುವ ಮುನ್ನ ಸೈಕಲ್ಲುಗಳನ್ನು ಒಪ್ಪಿಸಿದೆವು. ಅಂಗಡಿಯವನು ನನ್ನ ಹಿಂದಿನ ಚಕ್ರವನ್ನು ತಿರುಗಿಸಿ, ಟೈರು ಒತ್ತಿ ನೋಡಿ ತಲೆಯಾಡಿಸಿದ. ಮುಳ್ಳು ಮಾತ್ರ ನನ್ನ ಪರ್ಸಿನಲ್ಲೇ ಉಳಿಯಿತು. ನಿಲ್ದಾಣಕ್ಕೆ ಹಿಂದಿರುಗಲು ರಸ್ತೆ ಬದಿ ನಡೆದು ಹೊರಟಾಗ ಹಿಂದೆ ಯಾವುದೋ ಕಾರು ಹಾರ್ನ್ ಹಾಕಿತು. ಕತ್ತು ಮತ್ತೆ ಹೊರಳಿತು.

"ನೋಡಿದ್ಯಾ" ಎಂದರು ನಮ್ಮವರು, ಚೀಲವನ್ನು ನನ್ನ ಹೆಗಲಿನಿಂದ ತೆಗೆದುಕೊಂಡು ರಸ್ತೆಯ ಕಡೆಗೆ ತಾವು ಬಂದು ನಡೆಯುತ್ತ.